ಫೋರ್ ವೀಲ್ ಡ್ರೈವ್‌ನ ಮುಂದಿನ ಗಾಲಿ ಯಾಕೆ ಎದ್ದಿತು?

ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿ ಹತ್ತರ ಮೇಲೆ ಒಂದು ರೂಮಿನಲ್ಲಿ ಆಸ್ಟ್ರೇಲಿಯಾದ ವಿಡಿಯೋಗಳು ಓಡ್ತಾ ಇರುತ್ತವೆ. ಕೆಂಪು ಮಣ್ಣಿನ ದಾರಿ, ಒಂದು ದೊಡ್ಡ ಫೋರ್ ವೀಲ್ ಡ್ರೈವ್ ಗಾಡಿ, ಅದರ ಹಿಂದೆ ಕ್ಯಾಂಪರ್ ಟ್ರೇಲರ್. ಹೊರಡೋ ಮುಂಚೆ ಅವರು ಗಾಡಿಯನ್ನ ಹೇಗೆ ಸಜ್ಜು ಮಾಡ್ತಾರೆ ಅಂತ ಅರ್ಧ ಗಂಟೆ ತೋರಿಸ್ತಾರೆ: ಹಿಚ್ ಎತ್ತರ ಎಷ್ಟು, ಟ್ರೇಲರಿನ ಮೂತಿ ಮೇಲೆ ಎಷ್ಟು ತೂಕ, ಟೈರಿನಲ್ಲಿ ಎಷ್ಟು ಗಾಳಿ, ಬ್ರೇಕ್ ವೈರಿಂಗ್ ಸರಿ ಇದೆಯಾ. ಎಳೆಯೋದು ಎಷ್ಟು? ಒಂದೂವರೆ, ಎರಡು ಟನ್ ಇರಬಹುದು.

ನೋಡ್ತಾ ನೋಡ್ತಾ ನನಗೆ ತುಬಚಿ ನೆನಪಾಯ್ತು. ಜಮಖಂಡಿ ತಾಲ್ಲೂಕಿನಲ್ಲಿ ಕೃಷ್ಣಾ ದಂಡೆ ಮೇಲಿರೋ ಊರು. ನೀರಾವರಿ ಸುದ್ದಿ ಓದೋರಿಗೆ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ಈ ಹೆಸರು ಗೊತ್ತಿರುತ್ತೆ. ಅಲ್ಲಿ ನಮ್ಮ ಕಾಕಾ ಕಬ್ಬಿನ ಸೀಸನ್ ಶುರುವಾದ್ರೆ ದಿನಾ 20 ಟನ್ ಎಳೀತಾರೆ, ಎರಡು ಟ್ರೇಲರ್ ಕಟ್ಟಿಕೊಂಡು. ಊರಲ್ಲಿ ಟ್ರೇಲರ್‌ಗೆ ಡಬ್ಬಿ ಅಂತಾರೆ, ಎರಡು ಕಟ್ಟಿದ್ರೆ ಡಬಲ್ ಡಬ್ಬಿ. ಹೊರಡೋ ಮುಂಚೆ ಅವರು ಮಾಡೋ ತಯಾರಿ: ಡೀಸೆಲ್ ನೋಡೋದು, ಪಿನ್ ಹಾಕೋದು, ಹಾಡು ಹಚ್ಚೋದು.

ಇದನ್ನ ತಮಾಷೆಗೆ ಬರೀತಿಲ್ಲ. ಹೋದ ಸೀಸನ್‌ನಲ್ಲಿ ಹೊಲದಿಂದ ರಸ್ತೆಗೆ ಹತ್ತೋ ಏರಿನಲ್ಲಿ ಕಾಕಾನ ಟ್ರ್ಯಾಕ್ಟರ್‌ನ ಮುಂದಿನ ಎರಡೂ ಗಾಲಿ ಗಾಳಿಯಲ್ಲಿ ಎದ್ದವು. ನಾನು ಪಕ್ಕದ ಮಡ್‌ಗಾರ್ಡ್ ಮೇಲೆ ಕೂತಿದ್ದೆ (ಕೂರಬಾರದು, ಅದು ಸೀಟಲ್ಲ, ಈಗ ಗೊತ್ತಾಗಿದೆ). ಕಾಕಾ ತಟ್ಟನೆ ಕ್ಲಚ್ ಒತ್ತಿದರು, ಮೂತಿ ಧಡ್ ಅಂತ ಕೆಳಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಕಾಕಾ ಅಂದರು: "ಏ ತಮ್ಮಾ, ನಾಲ್ಕೂ ಗಾಲಿ ಎಳಿತಾವ ಅಂತ ಹೇಳಿ ಇದನ್ನ ತಗೊಂಡೇವಿ. ಈಗ ನೋಡಿದ್ರ ಎರಡು ಗಾಲಿ ಮುಗಿಲ ನೋಡಾಕತ್ತಾವ."

ಆ ಟ್ರ್ಯಾಕ್ಟರ್ ತಗೊಂಡು ಒಂದು ವರ್ಷ ಕೂಡ ಆಗಿರಲಿಲ್ಲ. ಹಳೇದು ಟೂ ವೀಲ್ ಡ್ರೈವ್, ಅದೂ ಹೀಗೇ ಎದ್ದು ಹೆದರಿಸಿತ್ತು, ಅದಕ್ಕೇ ಅಂತ ಹೆಚ್ಚು ದುಡ್ಡು ಕೊಟ್ಟು ಫೋರ್ ವೀಲ್ ಡ್ರೈವ್ ತಂದಿದ್ದು. ಹಾಗಾದರೆ ಇದು ಯಾಕೆ ಎದ್ದಿತು? ಈ ಲೇಖನ ಆ ಪ್ರಶ್ನೆಗೆ ಉತ್ತರ. ಬೇಕಾಗಿರೋದು ಫಸ್ಟ್ ಇಯರ್ ಮೆಕ್ಯಾನಿಕ್ಸ್ ಮಾತ್ರ, ಫ್ರೀ ಬಾಡಿ ಡಯಾಗ್ರಾಮ್ ಬರೆಯೋಕೆ ಬಂದರೆ ಸಾಕು. ಬಲವನ್ನೂ ತೂಕವನ್ನೂ ಎರಡನ್ನೂ ಕೆಜಿಯಲ್ಲೇ ಹೇಳ್ತೀನಿ, ಲೆಕ್ಕ ಬಾಯಲ್ಲೇ ಆಗಲಿ ಅಂತ. ನ್ಯೂಟನ್ ಬೇಕಾದವರು 9.81ರಿಂದ ಗುಣಿಸಿಕೊಳ್ಳಿ.

ಎಳೆಯೋಕೆ ಏನು ಬೇಕು?

ಎಲ್ಲರೂ ಮೊದಲು ಕೇಳೋದು ಹೆಚ್‌ಪಿ ಎಷ್ಟು ಅಂತ. ರಸ್ತೆ ಮೇಲೆ ಹೆಚ್‌ಪಿ ಮಾತು ಸರಿ. ಡಾಂಬರು ರಸ್ತೆಯಲ್ಲಿ ರೋಲಿಂಗ್ ರೆಸಿಸ್ಟೆನ್ಸ್ ತೂಕದ ಸುಮಾರು 2 ಪರ್ಸೆಂಟ್ ಅಂತ ಹಿಡಿಯೋಣ. 20 ಟನ್‌ಗೆ 400 ಕೆಜಿ ಎಳೆತ. ಗಂಟೆಗೆ 25 ಕಿಮೀ ಸ್ಪೀಡಿಗೆ ಲೆಕ್ಕ ಹಾಕಿದರೆ 36, 37 ಹೆಚ್‌ಪಿ ಬರುತ್ತೆ. 50 ಹೆಚ್‌ಪಿ ಟ್ರ್ಯಾಕ್ಟರ್‌ಗೆ ಇದು ಆಗುವ ಕೆಲಸ. ಏರು ಬಂದರೆ ಗೇರ್ ಇಳಿಸಬೇಕು, ಸ್ಪೀಡ್ ಕಡಿಮೆ ಆಗುತ್ತೆ, ಅಷ್ಟೇ.

ಹೊಲದಲ್ಲಿ ಕಥೆ ಬೇರೆ. ನಮ್ಮದು ಎರೆ ಮಣ್ಣು. ಕಬ್ಬು ಕಡಿಯೋ ಮುಂಚೆ ನೀರು ನಿಲ್ಲಿಸಿರ್ತಾರೆ, ಆದರೂ ಕೆಳಗೆ ಹಸಿ ಇರುತ್ತೆ. ಅಲ್ಲಿ ರೆಸಿಸ್ಟೆನ್ಸ್ 10 ಪರ್ಸೆಂಟ್ ಅಂತ ಇಟ್ಟುಕೊಂಡರೂ, ಕಬ್ಬು ಸೇರಿ 10 ಟನ್ ಇರೋ ಒಂದೇ ಡಬ್ಬಿಗೆ 1000 ಕೆಜಿ ಎಳೆತ ಬೇಕು. ಒಂದಕ್ಕೇ ಇಷ್ಟು. ಅದಕ್ಕೇ ನಮ್ಮಲ್ಲಿ ಹೊಲದಿಂದ ಒಂದೊಂದೇ ಡಬ್ಬಿ ಹೊರಗೆ ಎಳೆದು ತಂದು, ರಸ್ತೆ ಮೇಲೆ ಎರಡನ್ನೂ ಕಟ್ಟೋದು.

ಈಗ ಈ 1000 ಕೆಜಿ ಎಳೆತವನ್ನ ಕೊಡೋರು ಯಾರು? ಎಂಜಿನ್ ಅಲ್ಲ. ಫಸ್ಟ್ ಗೇರಿನಲ್ಲಿ ಎಂಜಿನ್‌ಗೆ ಟಾರ್ಕ್ ಕೊರತೆ ಇಲ್ಲ, ಬೇಕಾದ್ದಕ್ಕಿಂತ ಜಾಸ್ತಿನೇ ಇರುತ್ತೆ. ಟೈರ್ ಮಣ್ಣನ್ನ ಎಷ್ಟು ಹಿಡಿದು ಹಿಂದಕ್ಕೆ ತಳ್ಳಬಲ್ಲದೋ ಅಷ್ಟೇ ಎಳೆತ. ಅದು ಗಾಲಿ ಮೇಲಿರೋ ತೂಕದ ಒಂದು ಭಾಗ. ಗಟ್ಟಿ ಮಣ್ಣಲ್ಲಿ ಟ್ರ್ಯಾಕ್ಟರ್ ತನ್ನನ್ನ ತಾನು ಎಳ್ಕೊಳ್ಳೋದು ಕಳೆದು 45 ಪರ್ಸೆಂಟ್ ಉಳಿಯುತ್ತೆ ಅಂತ ಇಟ್ಟುಕೊಳ್ಳೋಣ. ಒದ್ದೆ ಆದರೆ ಇನ್ನೂ ಕಡಿಮೆ.

ಟೂ ವೀಲ್ ಡ್ರೈವ್ ಟ್ರ್ಯಾಕ್ಟರ್ 2500 ಕೆಜಿ, ಹಿಂದಿನ ಆಕ್ಸಲ್ ಮೇಲೆ 1600, ಮುಂದೆ 900. ಎಳೆಯೋದು ಹಿಂದಿನ ಗಾಲಿ ಮಾತ್ರ, ಆದ್ದರಿಂದ 1600ರ 45 ಪರ್ಸೆಂಟ್, 720 ಕೆಜಿ. ಎಳೆಯುವಾಗ ಮುಂದಿನ ತೂಕ ಸ್ವಲ್ಪ ಹಿಂದಕ್ಕೆ ಬರುತ್ತೆ, ಅದನ್ನ ಸೇರಿಸಿದರೂ 800 ಚಿಲ್ಲರೆ. ಬೇಕಾಗಿದ್ದು 1000. ಗಾಲಿ ಅಲ್ಲೇ ತಿರುಗುತ್ತೆ, ಗುಂಡಿ ತೋಡುತ್ತೆ, ಪಕ್ಕದ ಹೊಲದವರ ಟ್ರ್ಯಾಕ್ಟರ್ ಕರೀಬೇಕು.

ಅದೇ ಸೈಜಿನ ಫೋರ್ ವೀಲ್ ಡ್ರೈವ್ ಸುಮಾರು 2700 ಕೆಜಿ, ಮುಂದೆ 1050, ಹಿಂದೆ 1650. ನಾಲ್ಕೂ ಗಾಲಿ ಎಳೆಯೋದರಿಂದ ಇಡೀ 2700ರ 45 ಪರ್ಸೆಂಟ್, ಅಂದರೆ 1200 ಕೆಜಿ ಮೇಲೆ. ಡಬ್ಬಿ ಹೊರಗೆ ಬಂತು. ಫೋರ್ ವೀಲ್ ಡ್ರೈವ್‌ಗೆ ಕೊಟ್ಟ ಹೆಚ್ಚಿನ ದುಡ್ಡು ಹೋಗಿದ್ದು ಇಲ್ಲಿಗೆ: ಸುಮ್ಮನೆ ಮುಂದೆ ಕೂತಿದ್ದ ತೂಕವನ್ನೂ ಕೆಲಸಕ್ಕೆ ಹಚ್ಚೋಕೆ.

ಹಳೇ ಅಭ್ಯಾಸ

ಟೂ ವೀಲ್ ಡ್ರೈವ್ ಓಡಿಸೋರು ಈ 800 ಕೆಜಿ ಸಮಸ್ಯೆಗೆ ತಲೆತಲಾಂತರದಿಂದ ಒಂದು ಉಪಾಯ ಕಂಡುಕೊಂಡಿದ್ದಾರೆ. ಎರಡು ಗಾಲಿಯ ಡಬ್ಬಿಯಲ್ಲಿ ಕಬ್ಬನ್ನ ಮುಂದಕ್ಕೆ ಒತ್ತಿ ಹೇರೋದು. ಡಬ್ಬಿಯ ಆಕ್ಸಲ್‌ಗಿಂತ ಮುಂದೆ ತೂಕ ಜಾಸ್ತಿ ಆದರೆ ಡಬ್ಬಿಯ ಮೂತಿ ಟ್ರ್ಯಾಕ್ಟರ್‌ನ ಹುಕ್ ಮೇಲೆ ಕೂರುತ್ತೆ. ಹಿಂದಿನ ಗಾಲಿ ಮೇಲೆ ಟನ್ನುಗಟ್ಟಲೆ ಭಾರ ಬೀಳುತ್ತೆ. ಗಾಲಿ ನೆಲ ಹಿಡಿಯುತ್ತೆ. ಇದು ಮೂರ್ಖತನ ಅಲ್ಲ, ನಿಜವಾಗಲೂ ಕೆಲಸ ಮಾಡುತ್ತೆ. (ನಾಲ್ಕು ಗಾಲಿಯ ಡಬ್ಬಿಯಲ್ಲಿ ಈ ಉಪಾಯ ನಡೆಯಲ್ಲ, ಅದರ ಭಾರ ಅದರ ಗಾಲಿಗಳ ಮೇಲೇ ನಿಲ್ಲುತ್ತೆ.)

ಆದರೆ ಹುಕ್ ಇರೋದು ಹಿಂದಿನ ಆಕ್ಸಲ್‌ಗಿಂತ ಹಿಂದೆ. ಅಲ್ಲಿ ಕೆಳಕ್ಕೆ ಒತ್ತಿದರೆ ಹಿಂದಿನ ಆಕ್ಸಲ್ ಪೈವಟ್ ಆಗಿ ಮುಂದಿನದು ಮೇಲಕ್ಕೆ ಏಳೋಕೆ ನೋಡುತ್ತೆ. ಏತದ ಕೋಲು ಇದ್ದ ಹಾಗೆ. ಎಷ್ಟು ಅಂತ ಲೆಕ್ಕ ಸುಲಭ: ಹುಕ್ ಆಕ್ಸಲ್‌ನಿಂದ 0.8 ಮೀಟರ್ ಹಿಂದೆ ಇದೆ, ಟ್ರ್ಯಾಕ್ಟರ್‌ನ ವೀಲ್‌ಬೇಸ್ 2 ಮೀಟರ್ ಅಂತ ತಗೊಂಡರೆ, ಹುಕ್ ಮೇಲಿನ ಪ್ರತಿ 100 ಕೆಜಿಗೆ ಮುಂದಿನ ಆಕ್ಸಲ್‌ನಿಂದ 40 ಕೆಜಿ ಹೋಗುತ್ತೆ.

ಇನ್ನೊಂದು ಕಳ್ಳ ಎಳೆತವೇ. ಎಳೆತ ನೆಲದ ಮಟ್ಟದಲ್ಲಿ ಇಲ್ಲ, ಹುಕ್‌ನ ಎತ್ತರದಲ್ಲಿದೆ. ಹಿಂದಿನ ಟೈರ್ ನೆಲ ಮುಟ್ಟೋ ಜಾಗದ ಸುತ್ತ ಮೊಮೆಂಟ್ ತಗೊಳ್ಳಿ. ಎಳೆತ ಗುಣಿಸು ಹುಕ್ ಎತ್ತರ, ಭಾಗಿಸು ವೀಲ್‌ಬೇಸ್. ಅಷ್ಟು ತೂಕ ಮುಂದಿನಿಂದ ಹೋಗುತ್ತೆ.

ಈಗ ಆ ದಿನದ ಏರಿಗೆ ಬರೋಣ. ಡಬ್ಬಿ ತುಂಬಿತ್ತು, ಗ್ಯಾಂಗಿನವರು ಮುಂದಕ್ಕೆ ಒತ್ತಿ ಹೇರಿದ್ದರು, ಕಾಕಾನೇ ಹಾಗೆ ಹೇರೋಕೆ ಹೇಳಿದ್ದು. ಹುಕ್ ಮೇಲೆ ಸುಮಾರು 1200 ಕೆಜಿ ಅಂತ ಆಮೇಲೆ ಅಂದಾಜು ಮಾಡಿದೆ. ಪಿನ್ ಮೇಲಿನ ತೂತಿನಲ್ಲಿತ್ತು, ನೆಲದಿಂದ 0.8 ಮೀಟರ್. ಮೇಲಿನ ತೂತು ಯಾಕೆ ಅಂದರೆ ಡಬ್ಬಿಯ ಮೂತಿ ಏರಿಗೆ ತಾಗಬಾರದು ಅಂತ. 15 ಅಡಿಗೆ 1 ಅಡಿ ಏರು, ಸುಮಾರು 1400 ಕೆಜಿ ಎಳೆತ.

ಎಳೆತದಿಂದ: 1400 ಗುಣಿಸು 0.8, ಭಾಗಿಸು 2. 560 ಕೆಜಿ. ಹುಕ್ ಭಾರದಿಂದ: 1200ರ 40 ಪರ್ಸೆಂಟ್, 480 ಕೆಜಿ. ಏರಿನಲ್ಲಿ ಟ್ರ್ಯಾಕ್ಟರ್‌ನ ಸ್ವಂತ ತೂಕವೂ ಹಿಂದಕ್ಕೆ ವಾಲುತ್ತೆ, ಅದು ಒಂದು 70. ಒಟ್ಟು 1110. ಮುಂದಿನ ಆಕ್ಸಲ್ ಮೇಲೆ ಇದ್ದದ್ದು 1050.

ನಾನು ಈ ಲೆಕ್ಕವನ್ನ ನೋಟ್‌ಬುಕ್‌ನ ಕೊನೇ ಪುಟದಲ್ಲಿ ಮಾಡಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಟ್ರ್ಯಾಕ್ಟರ್ ಹಾಳಾಗಿರಲಿಲ್ಲ, ಕಾಕಾ ತಪ್ಪು ಓಡಿಸಿರಲಿಲ್ಲ. ಎರಡು ಗಾಲಿ ಎಳೆಯೋ ಗಾಡಿಗೆ ಬೇಕಾದ ಹೇರಿಕೆಯನ್ನ ನಾಲ್ಕು ಗಾಲಿ ಎಳೆಯೋ ಗಾಡಿಗೆ ಕಟ್ಟಿದ್ದರು. ಫೋರ್ ವೀಲ್ ಡ್ರೈವ್‌ಗೆ ಆ ಹುಕ್ ಭಾರ ಬೇಕಾಗಿಯೇ ಇರಲಿಲ್ಲ, ಅದರ ಹಿಡಿತ ಬರಬೇಕಾದದ್ದು ಮುಂದಿನ ಗಾಲಿಯಿಂದ. ಆ ಗಾಲಿ ಎದ್ದ ಮೇಲೆ ಅದು ಮತ್ತೆ ಟೂ ವೀಲ್ ಡ್ರೈವ್, ಸ್ಟಿಯರಿಂಗ್ ಕೂಡ ಇಲ್ಲದ್ದು.

ಸ್ಟಿಯರಿಂಗ್ ಇಲ್ಲದೆ ಓಡಿಸೋದಕ್ಕೂ ನಮ್ಮ ಕಡೆ ಒಂದು ವಿದ್ಯೆ ಇದೆ. ಟ್ರ್ಯಾಕ್ಟರ್‌ಗೆ ಎಡ ಬಲ ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತೆ, ಹೊಲದಲ್ಲಿ ಸಣ್ಣ ಜಾಗದಲ್ಲಿ ತಿರುಗಿಸೋಕೆ. ಮೂತಿ ಎತ್ತಿಕೊಂಡೇ ಎಡ ಬ್ರೇಕ್ ಒತ್ತಿ ಎಡಕ್ಕೆ, ಬಲ ಒತ್ತಿ ಬಲಕ್ಕೆ. ಅದನ್ನ ವಿಡಿಯೋ ಮಾಡಿ ಹಾಡು ಹಾಕಿ ಬಿಡ್ತಾರೆ, ಲಕ್ಷಗಟ್ಟಲೆ ಜನ ನೋಡ್ತಾರೆ, ನಾನೂ ನೋಡಿ ಲೈಕ್ ಕೊಟ್ಟಿದ್ದೀನಿ.

ಫರ್ಗುಸನ್ ನೋಡಿದ್ದು

ಇದು ಹೊಸ ಸಮಸ್ಯೆ ಅಲ್ಲ. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರ್ ಅಮೆರಿಕದ ಹೊಲಗಳಲ್ಲಿ ಎಷ್ಟು ಜನಪ್ರಿಯ ಆಯ್ತೋ, ಹಿಂದಕ್ಕೆ ಮಗುಚಿ ಡ್ರೈವರ್‌ಗಳನ್ನ ಕೊಂದದ್ದಕ್ಕೂ ಅಷ್ಟೇ ಹೆಸರಾಯ್ತು. ನೇಗಿಲು ಕಲ್ಲಿಗೆ ಸಿಕ್ಕಿ ನಿಂತರೆ ಹಿಂದಿನ ಗಾಲಿ ತಿರುಗಲ್ಲ, ಆದರೆ ಎಂಜಿನ್ ತಿರುಗಿಸ್ತಾನೇ ಇರುತ್ತೆ. ಆಗ ಗಾಲಿ ಬದಲು ಟ್ರ್ಯಾಕ್ಟರ್‌ನ ಮೈಯೇ ಆಕ್ಸಲ್ ಸುತ್ತ ತಿರುಗುತ್ತೆ. ಆಕ್ಷನ್, ರಿಯಾಕ್ಷನ್. ಒಂದು ಮಟ್ಟ ದಾಟಿದ ಮೇಲೆ ಕ್ಲಚ್ ಒತ್ತೋಕೆ ಟೈಮ್ ಸಿಗಲ್ಲ.

ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗುಸನ್ ಇದನ್ನ ನೋಡಿ ನೇಗಿಲನ್ನ ಸರಪಳಿಯಲ್ಲಿ ಎಳೆಯೋ ಬದಲು ಮೂರು ಕೊಂಡಿಗಳಿಂದ ಟ್ರ್ಯಾಕ್ಟರ್‌ಗೇ ಜೋಡಿಸೋ ವ್ಯವಸ್ಥೆ ಮಾಡಿದ. ಕೆಳಗಿನ ಎರಡು ಎಳೆಯುತ್ತವೆ, ಮೇಲಿನದು ಮುಂದಕ್ಕೆ ಒತ್ತುತ್ತೆ, ಎಳೆತ ಜಾಸ್ತಿ ಆದಷ್ಟೂ ಮೂತಿಯನ್ನ ಕೆಳಗೆ ಹಿಡಿಯುತ್ತೆ. 1939ರಲ್ಲಿ ಫೋರ್ಡ್ ಜೊತೆ ಸೇರಿ ಮಾರುಕಟ್ಟೆಗೆ ತಂದ. ಈಗ ಎಲ್ಲ ಟ್ರ್ಯಾಕ್ಟರ್‌ನ ಹಿಂದೆ ಇರೋದು ಅದೇ ಮೂರು ಕೊಂಡಿ, ನಮ್ಮೂರಲ್ಲಿ "ಮ್ಯಾಸಿ" ಅಂತ ಕರೆಯೋ ಟ್ರ್ಯಾಕ್ಟರ್‌ನ ಪೂರ್ತಿ ಹೆಸರಿನ ಎರಡನೇ ಅರ್ಧ ಅವನದೇ.

ಆದರೆ ಆ ವ್ಯವಸ್ಥೆ ನೇಗಿಲಿಗೆ. ಟ್ರೇಲರ್ ಹುಕ್‌ಗೆ ಅದರ ರಕ್ಷಣೆ ಇಲ್ಲ. ಕೆಲವರು ಮೇಲಿನ ಕೊಂಡಿಯ ಬ್ರಾಕೆಟ್‌ಗೇ ಸರಪಳಿ ಹಾಕಿ ಸಿಕ್ಕಿಬಿದ್ದ ಗಾಡಿ ಎಳೀತಾರೆ. ಅದು ಆಕ್ಸಲ್‌ಗಿಂತ ಎತ್ತರದಲ್ಲಿದೆ. ಫರ್ಗುಸನ್ ಯಾವುದರಿಂದ ಪಾರು ಮಾಡಿದ್ದನೋ ಅದನ್ನೇ ಅವನ ಬ್ರಾಕೆಟ್‌ನಿಂದ ಮತ್ತೆ ಮಾಡ್ತೀವಿ. ಎಳೆಯೋದು ಯಾವಾಗಲೂ ಹಿಂದಿನ ಆಕ್ಸಲ್‌ನ ಸೆಂಟರ್‌ಗಿಂತ ಕೆಳಗಿನಿಂದ, ಅಂದರೆ ಈ ಸೈಜಿನ ಟ್ರ್ಯಾಕ್ಟರ್‌ಗೆ ಸುಮಾರು 0.7 ಮೀಟರ್‌ಗಿಂತ ಕೆಳಗಿನಿಂದ, ಆದಷ್ಟೂ ಅದಕ್ಕಿಂತ ಬಹಳ ಕೆಳಗೆ.

ಈ ಸೀಸನ್‌ಗೆ ಮಾಡಿದ್ದು

ದಸರಾ ರಜೆಯಲ್ಲಿ ಊರಿಗೆ ಹೋದಾಗ ಕಾಕಾನ ಮುಂದೆ ನೋಟ್‌ಬುಕ್ ಇಟ್ಟೆ. ಪೂರ್ತಿ ನೋಡಿದರು. "ಲೆಕ್ಕ ಖರೇ ಇರಬಹುದು. ಆದ್ರ ಈ 1050, 1200 ಎಲ್ಲಿಂದ ತಂದಿ?" ಅಂದರು. ಒಳ್ಳೇ ಪ್ರಶ್ನೆ. 1050 ನಾನು ಒಟ್ಟು ತೂಕದಿಂದ ಅಂದಾಜು ಮಾಡಿದ್ದೆ. ಉತ್ತರ ಊರ ಹತ್ತಿರದ ಕಾಟಾದಲ್ಲಿತ್ತು. ಲಾರಿ ತೂಗೋ ಕಾಟಾ ಮೇಲೆ ಟ್ರ್ಯಾಕ್ಟರ್‌ನ ಮುಂದಿನ ಗಾಲಿ ಮಾತ್ರ ಹತ್ತಿಸಿ ನಿಲ್ಲಿಸಿದರೆ ಮುಂದಿನ ಆಕ್ಸಲ್ ತೂಕ ನೇರವಾಗಿ ಸಿಗುತ್ತೆ. ಕಾಟಾದವನು ಅರ್ಧ ಗಾಡಿ ತೂಗೋರನ್ನ ಮೊದಲ ಸಲ ನೋಡಿದ್ದಂತೆ. ಡಬ್ಬಿ ಇಲ್ಲದೆ 1040 ಬಂತು. ಅಂದಾಜು 10 ಕೆಜಿ ತಪ್ಪಿತ್ತು, ನನಗೆ ಇಂಟರ್ನಲ್ಸ್‌ನಲ್ಲಿ ಫುಲ್ ಮಾರ್ಕ್ಸ್ ಬಂದಷ್ಟು ಖುಷಿ.

ಆಮೇಲೆ ಮೊದಲ ಟ್ರಿಪ್‌ನಲ್ಲಿ ತುಂಬಿದ ಒಂದು ಡಬ್ಬಿ ಕಟ್ಟಿ ಮತ್ತೆ ಮುಂದಿನ ಗಾಲಿ ಮಾತ್ರ ತೂಗಿದೆವು. 610. ಕಳೆದ 430 ಕೆಜಿಯನ್ನ 0.4ರಿಂದ ಭಾಗಿಸಿದರೆ ಹುಕ್ ಭಾರ 1075 ಕೆಜಿ. ಸಮತಟ್ಟಾದ ನೆಲ, ನಿಂತ ಗಾಡಿ, ಎಳೆತ ಸೊನ್ನೆ, ಆದರೂ ಮುಂದಿನ ತೂಕ ಇಷ್ಟು ಹೋಗಿತ್ತು. ಈ ಒಂದು ಅಳತೆಗೆ ಕಾಕಾ ಒಪ್ಪಿದರು, ನೋಟ್‌ಬುಕ್‌ಗೆ ಅಲ್ಲ.

ಮೊದಲು ಮಾಡಿದ್ದು ಪಿನ್ ಕೆಳಗಿನ ತೂತಿಗೆ ಇಳಿಸಿದ್ದು. 0.8 ಇದ್ದದ್ದು 0.5 ಆಯ್ತು. ಖರ್ಚು ಏನೂ ಇಲ್ಲ. ಡಬ್ಬಿಯ ಮೂತಿ ಏರಿಗೆ ತಾಗೋ ಸಮಸ್ಯೆಗೆ ಏರನ್ನೇ ಅರ್ಧ ದಿನ ಕೆರೆದು ಸಮ ಮಾಡಿದೆವು. ಎರಡನೇದು ಹೇರಿಕೆ: ಗ್ಯಾಂಗಿನವರಿಗೆ ಕಬ್ಬನ್ನ ಡಬ್ಬಿಯ ಆಕ್ಸಲ್ ಮೇಲೆ ಸಮ ಬರೋ ಹಾಗೆ, ಮುಂದಕ್ಕೆ ಸ್ವಲ್ಪ ಮಾತ್ರ ಹೆಚ್ಚು ಇಡೋಕೆ ಹೇಳಿದೆವು. ಕ್ಯಾಂಪರ್‌ನವರು ಹೇಳೋ ನಿಯಮವೂ ಹತ್ತಿರ ಹತ್ತಿರ ಇದೇ, ಟ್ರೇಲರ್ ತೂಕದ 10 ಪರ್ಸೆಂಟ್ ಆಸುಪಾಸು ಮೂತಿ ಮೇಲೆ ಇರಬೇಕು ಅಂತ. ನಮಗೆ 10 ಟನ್‌ಗೆ 800 ಕೆಜಿ ಗುರಿ ಇಟ್ಟೆವು. ಪೂರ್ತಿ ಸೊನ್ನೆ ಮಾಡಬಾರದು. ಭಾರ ಆಕ್ಸಲ್‌ಗಿಂತ ಹಿಂದೆ ಹೋದರೆ ಡಬ್ಬಿ ಟ್ರ್ಯಾಕ್ಟರ್‌ನ ಹಿಂಭಾಗವನ್ನ ಎತ್ತೋಕೆ ಶುರು ಮಾಡುತ್ತೆ, ಹಿಂದಿನ ಹಿಡಿತ ಹೋಗುತ್ತೆ, ರಸ್ತೆಯಲ್ಲಿ ಡಬ್ಬಿ ಬಾಲ ಆಡಿಸುತ್ತೆ. ಎರಡನೇ ಡಬ್ಬಿಯೂ ಎರಡು ಗಾಲಿಯದಾಗಿದ್ದರೆ ಇಲ್ಲೊಂದು ಸೂಕ್ಷ್ಮ ಇದೆ. ಅದರ ಮೂತಿ ಕೂರೋದು ಮೊದಲ ಡಬ್ಬಿಯ ಬಾಲದ ಮೇಲೆ, ಆಗ ಮೊದಲ ಡಬ್ಬಿಯ ಮೂತಿ ಮೇಲಕ್ಕೆ ಏಳುತ್ತೆ. ಅಂದರೆ ಒಂದು ಡಬ್ಬಿಯಲ್ಲಿ ಸರಿ ಇದ್ದ ಹುಕ್ ಭಾರ ಎರಡನೇದು ಕಟ್ಟಿದ ಕೂಡಲೇ ಬದಲಾಗುತ್ತೆ. ನಮ್ಮ ಎರಡನೇದು ನಾಲ್ಕು ಗಾಲಿಯದು, ಬಚಾವ್.

ಮೂರನೇದು ಮುಂದಿನ ಬಂಪರ್‌ಗೆ ಬೀಡು ಕಬ್ಬಿಣದ ತೂಕದ ಪ್ಲೇಟುಗಳು, ಒಟ್ಟು 200 ಕೆಜಿ. ಅವು ಮುಂದಿನ ಆಕ್ಸಲ್‌ಗಿಂತಲೂ 0.8 ಮೀಟರ್ ಮುಂದೆ ಇರೋದರಿಂದ ಏತ ಈ ಸಲ ನಮ್ಮ ಕಡೆ: 200 ಕೆಜಿ ಹಾಕಿದರೆ ಮುಂದಿನ ಆಕ್ಸಲ್‌ಗೆ 280 ಕೆಜಿ ಸಿಗುತ್ತೆ. ಹಿಂದಿನ ಟೈರಿಗೆ ನೀರು ತುಂಬಿಸೋ ಪದ್ಧತಿಯೂ ಇದೆ, ಒಂದೊಂದಕ್ಕೆ 200 ಲೀಟರ್ ಮೇಲೆ ಹಿಡಿಯುತ್ತೆ, ಆದರೆ ನಮಗೆ ಹಿಂದೆ ತೂಕದ ಕೊರತೆ ಇರಲಿಲ್ಲ.

ಈಗ ಅದೇ ಏರು, ಅದೇ 1400 ಕೆಜಿ ಎಳೆತ. ಎಳೆತದಿಂದ ಹೋಗೋದು 350, ಹುಕ್‌ನಿಂದ 320, ಏರಿನಿಂದ 70. ಒಟ್ಟು 740. ಮುಂದೆ ಇರೋದು 1040 ಮತ್ತು 280 ಸೇರಿ 1320. ಉಳಿದದ್ದು 580 ಕೆಜಿ. ಸ್ಟಿಯರಿಂಗ್ ಕೆಲಸ ಮಾಡೋಕೆ ಟ್ರ್ಯಾಕ್ಟರ್ ತೂಕದ 20 ಪರ್ಸೆಂಟ್ ಆದರೂ ಮುಂದೆ ಇರಬೇಕು ಅನ್ನೋದು ಸಾಮಾನ್ಯ ನಿಯಮ. ಪ್ಲೇಟು ಸೇರಿ 2900ಕ್ಕೆ ಅದು ಕೂಡ 580. ಸರಿಯಾಗಿ ಗೆರೆ ಮೇಲೆ ನಿಂತಿದ್ದೀವಿ, ಆರಾಮಾಗಿ ಅಲ್ಲ.

ಲಿವರ್ ಯಾವಾಗ ಎಳೀಬೇಕು

ಇದು ಥಾರ್ ಓಡಿಸೋ ಆಸೆ ಇರೋರಿಗೂ ಉಪಯೋಗ ಆಗುತ್ತೆ. ಟ್ರ್ಯಾಕ್ಟರ್‌ನ ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ. ಲಿವರ್ ಎಳೆದರೆ ಎರಡೂ ಗೇರಿನಿಂದ ಬಿಗಿಯಾಗಿ ಕಟ್ಟಿಕೊಳ್ಳುತ್ತವೆ. ಮುಂದಿನ ಗಾಲಿ ಸಣ್ಣದು, ಹಿಂದಿನದು ದೊಡ್ಡದು, ಆದರೂ ನೆಲದ ಮೇಲೆ ಎರಡರ ಸ್ಪೀಡ್ ಹತ್ತಿರ ಹತ್ತಿರ ಬರೋ ಹಾಗೆ ಗೇರ್ ಹಲ್ಲು ಲೆಕ್ಕ ಹಾಕಿರ್ತಾರೆ. ಬೇಕಂತಲೇ ಮುಂದಿನದನ್ನ ಒಂದರಿಂದ ಐದು ಪರ್ಸೆಂಟ್‌ನಷ್ಟು ಜೋರಾಗಿ ಇಟ್ಟಿರ್ತಾರೆ, ಮುಂದಿನದು ಎಳೀಬೇಕು, ಹಿಂದಿನದರಿಂದ ತಳ್ಳಿಸಿಕೊಂಡು ಹೋಗಬಾರದು ಅಂತ. ಇದಕ್ಕೆ ಲೀಡ್ ಅಂತ ಹೆಸರು.

ಮಣ್ಣಲ್ಲಿ ಆ ವ್ಯತ್ಯಾಸವನ್ನ ಮಣ್ಣು ನುಂಗುತ್ತೆ. ಡಾಂಬರಿನಲ್ಲಿ ನುಂಗೋಕೆ ಏನೂ ಇಲ್ಲ, ಟೈರ್ ಉಜ್ಜಬೇಕು ಇಲ್ಲಾ ಶಾಫ್ಟ್ ತಿರುಚಿಕೊಳ್ಳಬೇಕು. ಒಂದು ಸೀಸನ್ ಪೂರ್ತಿ ಫ್ಯಾಕ್ಟರಿ ದಾರಿಯಲ್ಲಿ ಲಿವರ್ ಹಾಕಿಕೊಂಡೇ ಓಡಿಸಿದರೆ ಮುಂದಿನ ಟೈರ್ ನುಣ್ಣಗೆ. ಆ ಟೈರ್ ಸವೆದು ಸಣ್ಣದಾದರೆ ಲೀಡ್ ಹೋಗುತ್ತೆ, ಆಮೇಲೆ ಹೊಲದಲ್ಲೂ ಮುಂದಿನದು ಸರಿಯಾಗಿ ಎಳೆಯಲ್ಲ. ಮುಂದೆ ಬೇರೆ ಸೈಜಿನ ಟೈರ್ ಹಾಕಿಸೋರೂ ಇದೇ ತಪ್ಪು ಮಾಡ್ತಾರೆ.

ಲೀಡ್ ಅಳೆಯೋದು ಒಂದು ಚಾಕ್‌ಪೀಸ್ ಕೆಲಸ. ಸಡಿಲ ಮಣ್ಣಲ್ಲಿ ಲಿವರ್ ಹಾಕಿ ಹಿಂದಿನ ಗಾಲಿ 10 ಸುತ್ತು ತಿರುಗೋವಷ್ಟರಲ್ಲಿ ಮುಂದಿನದು ಎಷ್ಟು ಸುತ್ತಿತು ಎಣಿಸಿ. ಲಿವರ್ ತೆಗೆದು ಮತ್ತೆ ಎಣಿಸಿ. ಲಿವರ್ ಹಾಕಿದಾಗ 15.4, ತೆಗೆದಾಗ 15 ಬಂದರೆ ಲೀಡ್ ಸುಮಾರು 2.7 ಪರ್ಸೆಂಟ್. ಸುತ್ತಿನ ಕೊನೆಯ ತುಣುಕನ್ನ ಟೈರಿನ ಗುಬ್ಬಿ ಎಣಿಸಿ ಹೇಳಬಹುದು.

ನಿಲ್ಲಿಸೋದು

ಇಲ್ಲಿಯವರೆಗೆ ಬರೆದದ್ದೆಲ್ಲ ಎಳೆಯೋದರ ಬಗ್ಗೆ. ನನಗೆ ಈಗ ನಿದ್ದೆಗೆಡಿಸೋದು ಇದು.

ರಸ್ತೆ ಮೇಲೆ ಲಿವರ್ ತೆಗೆದಿದ್ದೀವಿ, ಹಾಗಾಗಿ ಬ್ರೇಕ್ ಹಿಡಿಯೋದು ಟ್ರ್ಯಾಕ್ಟರ್‌ನ ಹಿಂದಿನ ಎರಡು ಗಾಲಿ. ನಮ್ಮ ಡಬ್ಬಿಗಳಿಗೆ ಬ್ರೇಕ್ ಇಲ್ಲ. ಬ್ರೇಕ್ ಹಾಕಿದಾಗ ಹಿಂದಿನ ಗಾಲಿ ಮೇಲೆ 2 ಟನ್ ತೂಕ ಇದೆ ಅಂತ ಇಟ್ಟುಕೊಳ್ಳಿ, ಒಣ ಡಾಂಬರಿನಲ್ಲಿ ಅದರ 70 ಪರ್ಸೆಂಟ್ ಹಿಡಿತ, 1400 ಕೆಜಿ. ನಿಲ್ಲಿಸಬೇಕಾದದ್ದು ಟ್ರ್ಯಾಕ್ಟರ್ ಸೇರಿ ಸುಮಾರು 23 ಟನ್. ರೋಲಿಂಗ್ ರೆಸಿಸ್ಟೆನ್ಸ್ ಸಹಾಯ ಸೇರಿಸಿದರೂ ಸೆಕೆಂಡಿಗೆ ಸೆಕೆಂಡಿಗೆ 0.8 ಮೀಟರ್ ನಿಧಾನ ಆಗುತ್ತೆ. ಗಂಟೆಗೆ 25 ಕಿಮೀ ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ನಿಲ್ಲೋಕೆ 30 ಮೀಟರ್, ಕಾಲು ಪೆಡಲ್‌ಗೆ ಹೋಗೋ ಒಂದು ಸೆಕೆಂಡಿನ 7 ಮೀಟರ್ ಬೇರೆ. ರಸ್ತೆ ಒದ್ದೆ ಇದ್ದರೆ 50 ಮೀಟರ್ ದಾಟುತ್ತೆ. ಇಳಿಜಾರಿನಲ್ಲಿ 20ಕ್ಕೆ 1ರ ಇಳಿತ ಇದ್ದರೂ ಈ ಬ್ರೇಕಿನ ಬಹುಪಾಲು ಇಳಿಜಾರನ್ನ ತಡೆಯೋಕೇ ಖರ್ಚಾಗುತ್ತೆ, ನಿಲ್ಲಿಸೋಕೆ ಉಳಿಯೋದು ಸ್ವಲ್ಪ. ಇಂಥ ಕಡೆ ಡೀಸೆಲ್ ಉಳಿಸೋಕೆ ಗಾಡಿ ನ್ಯೂಟ್ರಲ್ ಮಾಡೋರಿದ್ದಾರೆ. ಏರು ಹತ್ತೋಕೆ ಯಾವ ಗೇರ್ ಬೇಕಾಗಿತ್ತೋ ಅದೇ ಗೇರಿನಲ್ಲಿ ಇಳೀಬೇಕು, ಇಳಿಯೋ ಮುಂಚೆಯೇ ಹಾಕಿಕೊಂಡಿರಬೇಕು. ಎರಡೂ ಬ್ರೇಕ್ ಪೆಡಲ್‌ಗಳನ್ನ ಜೋಡಿಸೋ ಪಟ್ಟಿ ಹಾಕಿರಬೇಕು. ಒಂದೇ ಪೆಡಲ್ ಒತ್ತಿ ಹೋದರೆ ಟ್ರ್ಯಾಕ್ಟರ್ ಅಡ್ಡ ತಿರುಗುತ್ತೆ, 20 ಟನ್ ಹಿಂದಿನಿಂದ ಬಂದು ಮಡಚಿ ಹಾಕುತ್ತೆ.

ಆಸ್ಟ್ರೇಲಿಯಾದಲ್ಲಿ 750 ಕೆಜಿ ಮೀರಿದ ಟ್ರೇಲರ್‌ಗೆ ಅದರದೇ ಬ್ರೇಕ್ ಕಡ್ಡಾಯ. 2 ಟನ್ ದಾಟಿದರೆ ಎಲ್ಲ ಗಾಲಿಗೂ ಬ್ರೇಕ್, ಜೊತೆಗೆ ಹುಕ್ ಕಳಚಿದರೆ ತಾನಾಗೇ ಹಿಡಿಯೋ ಬ್ರೇಕ್. ನಮ್ಮ ಡಬ್ಬಿಗಳಿಗೆ ಸಾಧಾರಣ ಬ್ರೇಕ್ ಇದ್ದು ಗಾಡಿ ಪೂರ್ತಿ 0.3 ಜಿಯಲ್ಲಿ ನಿಧಾನ ಆದರೂ 30 ಮೀಟರ್ ಇದ್ದದ್ದು 8 ಮೀಟರ್‌ಗೆ ಬರುತ್ತೆ. ಸಿದ್ದಾಪುರ, ಹಿರೇಪಡಸಲಗಿ, ಸಮೀರವಾಡಿ ಕಡೆ ಫ್ಯಾಕ್ಟರಿ ದಾರಿಯಲ್ಲಿ ಸೀಸನ್ ರಾತ್ರಿ ಬೈಕಿನಲ್ಲಿ ಹೋದವರಿಗೆ ಈ 22 ಮೀಟರ್ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಪಿನ್‌ಗೆ ಲಾಕ್ ಕ್ಲಿಪ್ ಹಾಕಿದೆವು, ಹುಕ್‌ನ ಪಕ್ಕಕ್ಕೆ ಎರಡು ಸೇಫ್ಟಿ ಸರಪಳಿ ಅಡ್ಡ ಕಟ್ಟಿದೆವು, ಹಿಂದೆ ಕಬ್ಬು ಮುಚ್ಚದ ಜಾಗದಲ್ಲಿ ರಿಫ್ಲೆಕ್ಟರ್ ಅಂಟಿಸಿದೆವು. ಎರಡು ಡಬ್ಬಿ ಕಟ್ಟಿದಾಗ ಗಂಟೆಗೆ 15 ಕಿಮೀ ಮೀರಬಾರದು ಅಂತ ಕಾಕಾನ ಜೊತೆ ಒಪ್ಪಂದ ಆಗಿದೆ. ಸ್ಪೀಡ್ ವರ್ಗದ ಲೆಕ್ಕದಲ್ಲಿ 30 ಮೀಟರ್ 11ಕ್ಕೆ ಇಳಿಯುತ್ತೆ ಅಂತ ತೋರಿಸಿದ ಮೇಲೆ ಒಪ್ಪಿದ್ದು. ನಾನು ಊರಲ್ಲಿ ಇಲ್ಲದಾಗ ಎಷ್ಟು ಪಾಲಿಸ್ತಾರೋ.

ಡಬ್ಬಿಗೆ ಬ್ರೇಕ್ ಹಾಕಿಸೋ ಮಾತು ತೆಗೆದಾಗ ಕಾಕಾ ಗದ್ದ ಕೆರೆದುಕೊಂಡು, "ಕಬ್ಬಿನ ಬಿಲ್ ಬರಲಿ ತಡಿ" ಅಂದರು. ಡ್ರಮ್, ಆಕ್ಸಲ್, ಹೈಡ್ರಾಲಿಕ್ ಪೈಪ್ ಸೇರಿಸಿ ಒಂದು ಡಬ್ಬಿಗೆ ಏನೇನು ಬೇಕು ಅಂತ ಪಟ್ಟಿ ಮಾಡ್ತಾ ಇದ್ದೀನಿ. ಮೆಕ್ಯಾನಿಕಲ್‌ನ ಫೈನಲ್ ಇಯರ್‌ನವರಲ್ಲಿ ಯಾರಿಗಾದರೂ ಪ್ರಾಜೆಕ್ಟ್ ಬೇಕಿದ್ದರೆ ಹೇಳಿ, ಟ್ರ್ಯಾಕ್ಟರ್, ಡಬ್ಬಿ, ಕಾಟಾ ಮೂರೂ ತುಬಚಿಯಲ್ಲಿ ರೆಡಿ ಇವೆ, ಊಟ ನಮ್ಮ ಮನೇಲಿ.